ಹೆಂಡತಿ ಮತ್ತು ಅವಳಮ್ಮನ ನಡುವೆ ನಾನೇನು ಮಾಡಲಿ?

ಪ್ರಶ್ನೆ: ನಾನು ಹಾಸನದವನು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಕೆಲಸ. ಹೆಂಡತಿ ಹುಟ್ಟಿ ಬೆಳೆದದ್ದು ಇಲ್ಲೇ, ಅವಳ ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು. ಅತ್ತೆಗೆ ಸಕ್ಕರೆ ಕಾಯಿಲೆ, ಇಂಗ್ಲಿಷ್ ಬರಲ್ಲ. ಆಸ್ಪತ್ರೆ, ಬ್ಯಾಂಕು ಎಲ್ಲದಕ್ಕೂ ಎಂಟನೇ ವಯಸ್ಸಿನಿಂದ ಇವಳೇ ಜೊತೆಗೆ ಹೋಗಬೇಕು. ಈಗ ಡಲ್ಲಾಸ್‌ನಲ್ಲಿ ಇವಳಿಗೆ ಒಳ್ಳೆ ಕೆಲಸ ಸಿಕ್ಕಿದೆ. 'ನನ್ನನ್ನು ಬಿಟ್ಟು ಹೋಗ್ತೀಯಾ' ಎಂದು ಅತ್ತೆ ಮಾತು ಬಿಟ್ಟಿದ್ದಾರೆ. ಇವಳಿಗೆ ನಿದ್ದೆಯಿಲ್ಲ, ಅಳುತ್ತಾಳೆ. 'ಅಮ್ಮನ ಉಸಾಬರಿ ಬಿಡು' ಅಂದರೆ ನನ್ನ ಮೇಲೇ ರೇಗುತ್ತಾಳೆ.

ಉತ್ತರ: ಆ ಮಾತಿಗೆ ಮೊದಲು ಅವಳಲ್ಲಿ ಕ್ಷಮೆ ಕೇಳಿ. ಮೆಕ್ಸಿಕೋ ಮೂಲದ ಎಷ್ಟೋ ಮನೆಗಳಲ್ಲಿ ಕುಟುಂಬ ಮೊದಲು, ಸ್ವಂತ ಆಸೆ ಆಮೇಲೆ. ಬಾಯಿ ಮುಚ್ಚಿಕೊಂಡಿದ್ದರೇ ಹುಡುಗಿ ಚೆಂದ ಅನ್ನುವ ಗಾದೆಯೇ ಅಲ್ಲಿದೆ. ಆದರೆ ಆಸ್ಪತ್ರೆಯಲ್ಲಿ ಅದೇ ಹುಡುಗಿ ಅಮ್ಮನ ಪರವಾಗಿ ಮಾತಾಡಬೇಕು! ಎಂಟು ವರ್ಷದ ಮಗು ಅಮ್ಮನ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಹೇಳಬೇಕು, ಡಾಕ್ಟರು ಕೊಟ್ಟ ಕೆಟ್ಟ ಸುದ್ದಿಯನ್ನು ಅಮ್ಮನಿಗೆ ತಿಳಿಸಬೇಕು. ಅಷ್ಟು ಹೊತ್ತವಳಿಗೆ 'ಬಿಡು' ಅಂದರೆ ಬಿಡಲು ಆಗುತ್ತಾ?

ಅತ್ತೆಯವರಿಗೂ ಭಯವಾಗಿದೆ. ಮಗಳು ಹೋದರೆ ಇನ್ಸುಲಿನ್ ಎಷ್ಟು ತಗೊಳ್ಳಬೇಕೆಂದು ಡಾಕ್ಟರನ್ನು ಕೇಳಿ ಹೇಳುವವರು ಯಾರು?

ಆ ಭಯಕ್ಕೆ ನೀವು ದಾರಿ ಮಾಡಬಹುದು. ಅಮೆರಿಕದಲ್ಲಿ ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಪುಕ್ಕಟೆಯಾಗಿ ದುಭಾಷಿಯನ್ನು ಕೊಡಬೇಕು. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳಿ. ಆ ಫೋನ್ ನೀವು ಮಾಡಿ, ಹೆಂಡತಿ ಕೈಲಿ ಮಾಡಿಸಬೇಡಿ. ದುಭಾಷಿ ಹೆಂಗಸೇ ಇದ್ದರೆ ಅತ್ತೆಗೆ ಮುಜುಗರ ಕಡಿಮೆ, ಅದನ್ನೂ ಕೇಳಿ ನೋಡಿ. ಮೊದಲ ಸಲ ಹೆಂಡತಿಯೂ ಹೋಗಲಿ, ಆದರೆ ಸುಮ್ನೆ ಪಕ್ಕದಲ್ಲಿ ಕೂತಿರಲಿ. ಅಮ್ಮನ ಜೊತೆ ಬರೀ ಮಗಳಾಗಿ ಕೂರುವುದು ಅವಳಿಗೆ ಇಷ್ಟು ವರ್ಷ ಸಿಕ್ಕೇ ಇಲ್ಲ ಅಲ್ವಾ?

ನಿದ್ದೆಯ ವಿಷಯ ಹಗುರ ಮಾಡಬೇಡಿ. ಹೀಗೇ ಮುಂದುವರಿದರೆ ಕೌನ್ಸೆಲರ್ ಹತ್ತಿರ ಕರೆದೊಯ್ಯಿರಿ. ಬದುಕೇ ಬೇಡ ಎಂಬ ಮಾತು ಬಂದರೆ ತಡ ಮಾಡದೆ ಅಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ. 2 ಒತ್ತಿದರೆ ಸ್ಪ್ಯಾನಿಷ್‌ನಲ್ಲೂ ಮಾತಾಡುತ್ತಾರೆ.

ಡಲ್ಲಾಸ್ ಮಾತನ್ನು ಅಮ್ಮನ ಹತ್ತಿರ ಅವಳೇ ಮತ್ತೆ ಎತ್ತಲಿ, ನೀವು ನಡುವೆ ಬಾಯಿ ಹಾಕಬೇಡಿ. ಕಾರಲ್ಲಿ ನಾಲ್ಕೈದು ಗಂಟೆ ದಾರಿ. 'ಆಗಾಗ ಬರ್ತೀನಿ' ಎನ್ನುವುದಕ್ಕಿಂತ ಯಾವ ಯಾವ ಶನಿವಾರ ಬರುತ್ತಾಳೆಂದು ಅಮ್ಮನ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿಕೊಡಲಿ.