ಕಾಲೇಜು ಪಟ್ಟಿಯನ್ನು ಕೆಳಗಿನ ಸಾಲಿನಿಂದ ಬರೆಯಿರಿ

ಪ್ರಶ್ನೆ: ನಾನು ತೀರ್ಥಹಳ್ಳಿಯಲ್ಲಿ ಪ್ರಥಮ ಪಿಯುಸಿ ಪಿಸಿಎಂಬಿ ಓದುತ್ತಿದ್ದೇನೆ. ಏಳನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ, ಎಂಟರಿಂದ ಹತ್ತರವರೆಗೆ ತೀರ್ಥಹಳ್ಳಿ ಪೇಟೆಯ ಹೈಸ್ಕೂಲಿನಲ್ಲಿ ಓದಿದೆ. ಎಲ್ಲವೂ ಕನ್ನಡ ಮಾಧ್ಯಮ. ಪ್ರವರ್ಗ 2ಎ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 61, ಭೌತಶಾಸ್ತ್ರಕ್ಕೆ 58, ರಸಾಯನಶಾಸ್ತ್ರಕ್ಕೆ 70 ಬಂದಿದೆ. ಕಂಪ್ಯೂಟರ್ ಸೈನ್ಸ್ ಓದುವ ಆಸೆಯಿದೆ, ಕೃಷಿಯೂ ಇಷ್ಟ. ಗೆಳತಿಯರ ಪಟ್ಟಿಯಲ್ಲಿ ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಆರ್.ವಿ. ಮತ್ತು ಬಿಎಂಎಸ್ ಬಿಟ್ಟರೆ ಬೇರೆ ಹೆಸರೇ ಇಲ್ಲ. ಒಂದೂವರೆ ಎಕರೆ ಅಡಿಕೆ ತೋಟ ನೋಡಿಕೊಳ್ಳುವ ಅಪ್ಪ ಶಿವಮೊಗ್ಗ ದಾಟಿ ಯೋಚಿಸಲೇಬೇಡ ಎನ್ನುತ್ತಾರೆ. ನನ್ನ ಪಟ್ಟಿ ಹೇಗಿರಬೇಕು?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಈಗಲೇ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಈ ಪ್ರಶ್ನೆಯನ್ನು ಸಿಇಟಿ ಫಲಿತಾಂಶ ಬಂದ ಮೇಲೆ, ಆಯ್ಕೆ ನಮೂದಿಸಲು ನಾಲ್ಕು ದಿನ ಉಳಿದಿರುವಾಗ ಕೇಳುತ್ತಾರೆ.

ಮೊದಲು ಅಂಕಗಳ ವಿಷಯ. ಪ್ರಥಮ ಪಿಯುಸಿಯ ಅಂಕಗಳು ಸಿಇಟಿ ರ‍್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಪ್ರಥಮ ವರ್ಷದ ಪಾಠಗಳು ಸಿಇಟಿ ಪ್ರಶ್ನೆಪತ್ರಿಕೆಗೆ ಬರುತ್ತವೆ. ಆದ್ದರಿಂದ ಭೌತಶಾಸ್ತ್ರದ 58 ನಿಮ್ಮ ರ‍್ಯಾಂಕನ್ನು ಹೇಳದಿದ್ದರೂ ಬೇಸಿಗೆ ರಜೆಯಲ್ಲಿ ಯಾವ ಪುಸ್ತಕ ತೆರೆಯಬೇಕೆಂಬುದನ್ನು ಹೇಳುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಪಿಯುಸಿಯಲ್ಲಿ 300ಕ್ಕೆ 240, ಸಿಇಟಿಯಲ್ಲಿ 180ಕ್ಕೆ 90 ಬಂದರೆ ಶೇ 80 ಮತ್ತು ಶೇ 50 ಸೇರಿ ಸರಾಸರಿ 65 ಆಗುತ್ತದೆ. ಈ ಲೆಕ್ಕದಲ್ಲಿ ಸಿಇಟಿಯ 3 ಅಂಕಗಳು ಪಿಯುಸಿಯ 5 ಅಂಕಗಳಿಗೆ ಸಮ, ಮೇಲಾಗಿ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬೋರ್ಡ್ ಪರೀಕ್ಷೆಗೆ ಬಾಯಿಪಾಠ ಮಾಡಿ ಸಿಇಟಿಯನ್ನು ಕೊನೆಯ ಎರಡು ವಾರಕ್ಕೆ ತಳ್ಳುವ ನಮ್ಮ ಕಡೆಯ ರೂಢಿಯಿಂದ ಜಾಣ ಮಕ್ಕಳೂ ಹಿಂದೆ ಬೀಳುವುದನ್ನು, ಪಿಯು ತರಗತಿಗಳಿಗೆ ಪಾಠ ಮಾಡಿದ ನಾನು ವರ್ಷ ವರ್ಷವೂ ನೋಡಿದ್ದೇನೆ.

ಇನ್ನು ಪಟ್ಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತಿ ಸುತ್ತಿನ ಸೀಟು ಹಂಚಿಕೆಯ ನಂತರ ಕಟಾಫ್, ಅಂದರೆ ಕೊನೆಯ ಸೀಟು ಸಿಕ್ಕವರ, ರ‍್ಯಾಂಕುಗಳನ್ನು ಪ್ರಕಟಿಸುತ್ತದೆ. ಮೂರು ವರ್ಷಗಳ ಕೊನೆಯ ಸುತ್ತಿನ ಕಟಾಫ್ ಇಳಿಸಿಕೊಂಡು ಒಂದು ಕಾಲೇಜಿನ ಪುಟವನ್ನು ತೆರೆಯಿರಿ: ಎಡಗಡೆ ಕೋರ್ಸುಗಳ ಹೆಸರು, ಮೇಲ್ಗಡೆ ಜಿಎಂ (ಮೀಸಲಾತಿಯಿಲ್ಲದ ಸಾಮಾನ್ಯ ವರ್ಗ), 2ಎಜಿ (2ಎ ಸಾಮಾನ್ಯ), 2ಎಕೆ (2ಎ ಕನ್ನಡ ಮಾಧ್ಯಮ), 2ಎಆರ್ (2ಎ ಗ್ರಾಮೀಣ) ಎಂಬ ಕಿರಿದಾದ ಕಾಲಂಗಳು. ನಿಮ್ಮ ಗೆಳತಿಯರು ಜಿಎಂ ಕಾಲಂ ಒಂದನ್ನೇ ನೋಡಿ ಗಾಬರಿಯಾಗಿರಬಹುದು. ನೀವು ನೋಡಬೇಕಾದದ್ದು ಅದರ ಜೊತೆಗೆ 2ಎಜಿ ಮತ್ತು 2ಎಕೆ. ಒಂದರಿಂದ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಸೀಟು ಮೀಸಲಿದ್ದು, ಅದು ನಿಮಗೆ ಸಲ್ಲುತ್ತದೆ. ಶೇ 15ರ ಗ್ರಾಮೀಣ ಮೀಸಲಾತಿ ಮಾತ್ರ ಸಲ್ಲುವುದಿಲ್ಲ. ಅದಕ್ಕೂ ಹತ್ತು ವರ್ಷಗಳ ಗ್ರಾಮೀಣ ಶಾಲೆ ಬೇಕು, ತೀರ್ಥಹಳ್ಳಿ ಪಟ್ಟಣ ಪಂಚಾಯಿತಿಯಾದ್ದರಿಂದ ಅಲ್ಲಿನ ಮೂರು ವರ್ಷಗಳು ಗ್ರಾಮೀಣವೆನಿಸುವುದಿಲ್ಲ. ಮನೆ ಕಾಡಂಚಿನಲ್ಲಿದ್ದರೂ ಲೆಕ್ಕಕ್ಕೆ ಬರುವುದು ಶಾಲೆ ಇದ್ದ ಜಾಗ. ಇದನ್ನು ತಿಳಿಯದೆ 2ಎಆರ್ ಕಾಲಂ ನೋಡಿ ಪಟ್ಟಿ ಕಟ್ಟಿದವರು ದಾಖಲೆ ಪರಿಶೀಲನೆಯ ದಿನ ಪೆಚ್ಚಾಗುತ್ತಾರೆ. ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನು ಎರಡೂ ಶಾಲೆಗಳಿಂದ ಈ ರಜೆಯಲ್ಲೇ ಪಡೆದುಕೊಳ್ಳಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌.ಡಿ. ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಪಟ್ಟಿಯನ್ನು ಕೆಳಗಿನ ಸಾಲಿನಿಂದ ಆರಂಭಿಸಿ. ಎನ್‌ಐಟಿಕೆ ಎಂದು ಬರೆಯಲು ಯಾರಿಗೂ ಯೋಚನೆ ಬೇಕಿಲ್ಲ. ನಿರೀಕ್ಷಿಸಿದ್ದಕ್ಕಿಂತ ರ‍್ಯಾಂಕ್ ಕೆಳಗಿಳಿದರೂ ಸಿಗುವಂಥ, ಸಿಕ್ಕರೆ ಬೇಸರವಿಲ್ಲದೆ ಹೋಗುವಂಥ ಎರಡು-ಮೂರು ಕಾಲೇಜುಗಳನ್ನು ಹುಡುಕುವುದೇ ಕಷ್ಟದ ಕೆಲಸ. ಶಿವಮೊಗ್ಗದಲ್ಲಿ 1980ರ ಜೆಎನ್‌ಎನ್‌ಸಿಇ ಮತ್ತು ಪಿಇಎಸ್‌ಐಟಿಎಂ ಇವೆ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾಗಿ ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜಾಗಿರುವ ಯುಬಿಡಿಟಿ, ಹಾಗೂ ಬಾಪೂಜಿ ಕಾಲೇಜು ಇವೆ. ಚಿಕ್ಕಮಗಳೂರಿನ ಎಐಟಿ, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜುಗಳೂ ದೂರವೇನಲ್ಲ. ಇವುಗಳಲ್ಲಿ ಕಂಪ್ಯೂಟರ್ ಸೈನ್ಸ್ ಒಂದನ್ನೇ ನೋಡದೆ ಇನ್ಫರ್ಮೇಷನ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಸಾಲುಗಳನ್ನೂ ನೋಡಿ. ಮೂರು ವರ್ಷಗಳಲ್ಲಿ ರ‍್ಯಾಂಕ್ ಎಷ್ಟು ಹಿಂದೆ ಮುಂದೆ ಸರಿದಿದೆ ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ. ಒಂದೇ ವರ್ಷದ ಅಂಕಿಯನ್ನು ನಂಬುವುದು ಒಂದೇ ಮಳೆ ನೋಡಿ ಅಡಿಕೆ ಫಸಲು ಹೇಳಿದಂತೆ.

ನೀವು ಪಿಸಿಎಂಬಿ ಓದುತ್ತಿರುವುದರಿಂದ ಇನ್ನೊಂದು ಬಾಗಿಲೂ ತೆರೆದಿದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣವಿದೆ. ಕೃಷಿ ಕೋರ್ಸುಗಳಿಗೆ ಜೀವಶಾಸ್ತ್ರವೂ ಸೇರಿದ ಬೇರೆಯೇ ರ‍್ಯಾಂಕ್. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದ್ದು, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ತೋಟದಲ್ಲಿ ಬೆಳೆದ ಹುಡುಗಿ ಇದನ್ನು ಪರಿಗಣಿಸದೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಎನ್‌ಐಟಿಕೆಗೆ ಸಿಇಟಿಯಲ್ಲ, ರಾಷ್ಟ್ರಮಟ್ಟದ ಜೆಇಇ ಮೇನ್ ಪರೀಕ್ಷೆ ಬರೆಯಬೇಕು. ಅಲ್ಲಿ ಅರ್ಧದಷ್ಟು ಸೀಟು ನಮ್ಮ ರಾಜ್ಯದವರಿಗಿದೆ. ಬರೆಯುವ ಸಿದ್ಧತೆಯಿದ್ದರೆ ಮೇಲಿನ ಸಾಲಿನಲ್ಲಿ ಇರಲಿ.

ಅಪ್ಪನ ಮಾತಿನಲ್ಲಿ ಹಟಕ್ಕಿಂತ ಖರ್ಚಿನ ಚಿಂತೆ ಇರಬಹುದು. ಅವರನ್ನು ಕರೆದುಕೊಂಡು ಕಾಲೇಜು ನಡೆಯುವ ದಿನವೊಂದರಲ್ಲಿ ಮಂಡಗದ್ದೆ ದಾರಿಯ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಬನ್ನಿ. ಕಚೇರಿಯಲ್ಲಿ ಬೋಧನಾ ಶುಲ್ಕದ ಹೊರತಾಗಿ ಏನೇನು ಕಟ್ಟಬೇಕೆಂದು ಕೇಳಿ, ಕ್ಯಾಂಟೀನಿನಲ್ಲಿ ಮೂರನೆಯ ವರ್ಷದ ಹುಡುಗಿಯರನ್ನು ಹಾಸ್ಟೆಲಿನ ಬಗ್ಗೆ ಕೇಳಿ. ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯೂ ಸೀಟುಗಳಿವೆ ಎಂಬುದನ್ನೂ ಅವರಿಗೆ ತಿಳಿಸಿ.

ಪ್ರಶ್ನೆ: ಕಳೆದ ವರ್ಷ ನನ್ನ ಅಣ್ಣ ಒಳ್ಳೆಯ ನಾಲ್ಕೇ ಕಾಲೇಜು ಬರೆದು ಮೊದಲ ಸುತ್ತಿನಲ್ಲಿ ಸೀಟಿಲ್ಲದೆ ಉಳಿದ. ನಾನು ಸಿಗುವಂಥದ್ದನ್ನೇ ಮೊದಲು ಬರೆಯಲೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿ, ಹೊಸನಗರ

ಉತ್ತರ: ಬೇಡ. ಪಟ್ಟಿ ಯೋಚಿಸುವುದು ಕೆಳಗಿನಿಂದ, ನಮೂದಿಸುವುದು ಮೇಲಿನಿಂದ. ಕಂಪ್ಯೂಟರ್ ನಿಮ್ಮ ಸರದಿ ಬಂದಾಗ ಮೊದಲ ಆಯ್ಕೆಯಿಂದ ಕೆಳಗೆ ನೋಡುತ್ತಾ ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಅದರ ಕೆಳಗಿನ ಆಯ್ಕೆಗಳು ರದ್ದಾಗುತ್ತವೆ. ಆದ್ದರಿಂದ ಕಷ್ಟದ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ, ಸುಲಭದ್ದನ್ನು ಮೇಲೆ ಬರೆದರೆ ಇಷ್ಟದ್ದು ಕೈತಪ್ಪುತ್ತದೆ. ಅಣ್ಣನ ಪಟ್ಟಿಯ ಕ್ರಮದಲ್ಲಿ ದೋಷವಿರಲಿಲ್ಲ, ಅದು ಬೇಗ ಮುಗಿದುಹೋಯಿತು ಅಷ್ಟೆ. ಒಂದು ಕಾಲೇಜಿನ ಒಂದು ಕೋರ್ಸು ಒಂದು ಆಯ್ಕೆ. ನಲವತ್ತು, ಐವತ್ತು ಬರೆದರೂ ಅಡ್ಡಿಯಿಲ್ಲ, ಆದರೆ ಸಿಕ್ಕರೂ ಹೋಗಲಾರೆ ಎನ್ನುವ ಒಂದನ್ನೂ ಬರೆಯಬೇಡಿ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶ ನೋಡಿದ ಮೇಲೆ ಕ್ರಮ ಬದಲಿಸಲು ಅವಕಾಶ ಸಿಗುತ್ತದೆ. ಸೈಬರ್ ಸೆಂಟರಿನಲ್ಲಿ ನಮೂದಿಸುವುದಾದರೆ ಪಾಸ್‌ವರ್ಡನ್ನು ನೀವೇ ಒತ್ತಿ, ಪಟ್ಟಿಯ ಪ್ರತಿಯನ್ನು ಮುದ್ರಿಸಿಕೊಂಡೇ ಎದ್ದು ಬನ್ನಿ.