ಆರು ಬೆಟಾಲಿಯನ್ ಇದ್ದೂ 1941ರಲ್ಲಿ ಹಾಂಗ್‌ಕಾಂಗ್ ಹದಿನೆಂಟೇ ದಿನಕ್ಕೆ ಜಪಾನಿನ ಕೈಗೆ ಬಿದ್ದಿದ್ದೇಕೆ?

ಸೈನಿಕರು ಕಡಿಮೆ ಇದ್ದರು ಅನ್ನುವುದಕ್ಕಿಂತ, ಇದ್ದವರು ಎರಡು ತುಂಡಾದರು ಎನ್ನುವುದೇ ಸರಿಯಾದ ಉತ್ತರ.

ಆಗ ಬ್ರಿಟಿಷ್ ವಸಾಹತಾಗಿದ್ದ ಹಾಂಗ್‌ಕಾಂಗನ್ನು ಕಾಯಲು ಬ್ರಿಟನ್ನಿನ ರಾಯಲ್ ಸ್ಕಾಟ್ಸ್ ಮತ್ತು ಮಿಡಲ್‌ಸೆಕ್ಸ್, ಭಾರತೀಯ ಸೇನೆಯ ರಜಪೂತ್ ಮತ್ತು ಪಂಜಾಬ್, ಜೊತೆಗೆ ಕೆನಡಾದ ಎರಡು ಬೆಟಾಲಿಯನ್‌ಗಳಿದ್ದವು; ಸ್ಥಳೀಯ ಸ್ವಯಂಸೇವಕ ಪಡೆ ಬೇರೆ. ಕೆನಡಾದವರು ಬಂದಿಳಿದು ಒಂದು ತಿಂಗಳೂ ಆಗಿರಲಿಲ್ಲ, ಅವರ ಲಾರಿಗಳು ಬಂದೇ ಇರಲಿಲ್ಲ. ಇದ್ದ ನಾಲ್ಕೈದು ಹಳೇ ವಿಮಾನಗಳು ಡಿಸೆಂಬರ್ 8ರ ಮೊದಲ ದಾಳಿಯಲ್ಲೇ ನಿಷ್ಪ್ರಯೋಜಕವಾದವು.

ಡಿಸೆಂಬರ್ 13ರ ಹೊತ್ತಿಗೆ ಸೇನೆ ಎದುರಿನ ಮುಖ್ಯಭೂಮಿ ಬಿಟ್ಟು ದ್ವೀಪಕ್ಕೆ ಸರಿಯಿತು. ದ್ವೀಪವೋ ಬರೀ ಗುಡ್ಡ. ನಡುವೆ ಉತ್ತರದಿಂದ ದಕ್ಷಿಣಕ್ಕೆ ರಸ್ತೆ ಹಾಯುವ ಒಂದು ಕಣಿವೆಬಾಯಿ: ವಾಂಗ್ ನೈ ಚುಂಗ್. ಕರಾವಳಿಯ ಸುತ್ತ ಕಾಂಕ್ರೀಟ್ ಗೂಡುಗಳಲ್ಲಿ ಹರಡಿ ನಿಂತ ಪಡೆಗೆ ಇದೇ ಕೊಂಡಿ. 18ರ ರಾತ್ರಿ ಜಪಾನೀಯರು ರಜಪೂತರು ಕಾಯುತ್ತಿದ್ದ ಈಶಾನ್ಯ ದಡಕ್ಕೆ ದೋಣಿಗಳಲ್ಲಿ ಬಂದಿಳಿದು, ಬೆಳಗಾಗುವುದರೊಳಗೆ ಈ ಕಣಿವೆಬಾಯಿಗೆ ತಲುಪಿದರು. ದ್ವೀಪದ ಪಡೆಯನ್ನು ಪೂರ್ವ, ಪಶ್ಚಿಮ ಎಂದು ಎರಡು ಬ್ರಿಗೇಡ್‌ಗಳಾಗಿ ಹಂಚಲಾಗಿತ್ತು; ಪಶ್ಚಿಮ ಬ್ರಿಗೇಡಿನ ಕೇಂದ್ರ ಕಚೇರಿ ಇದ್ದದ್ದೂ ಅಲ್ಲೇ. ಅದರ ಮುಖ್ಯಸ್ಥ ಬ್ರಿಗೇಡಿಯರ್ ಲಾಸನ್ ಬಂಕರಿನಿಂದ ಹೊರಬಂದು ಹೋರಾಡುತ್ತ ಸತ್ತರು. ಪೂರ್ವದ ಬ್ರಿಗೇಡ್ ದ್ವೀಪದ ದಕ್ಷಿಣ ತುದಿಯ ಸ್ಟ್ಯಾನ್ಲಿ ಕಡೆಗೆ ದೂಡಲ್ಪಟ್ಟಿತು. ಎರಡೂ ಮತ್ತೆ ಸೇರಲಿಲ್ಲ.

ಜನ ಮರೆಯುವ ಇನ್ನೊಂದು ಸಂಗತಿ ನೀರು. ಜಲಾಶಯಗಳು ಶತ್ರುವಿನ ಕೈಸೇರಿ, ಕೊಳವೆಗಳು ಒಡೆದು, ಜನ ಕಿಕ್ಕಿರಿದ ಊರಿನ ನಲ್ಲಿಗಳು ಒಣಗಿದವು. ಕ್ರಿಸ್‌ಮಸ್ ದಿನ ಗವರ್ನರ್ ಮಾರ್ಕ್ ಯಂಗ್ ಶರಣಾದರು. ಸ್ಟ್ಯಾನ್ಲಿಯಲ್ಲಿದ್ದವರು ಮಾತ್ರ ಮರುದಿನ ನಸುಕಿನವರೆಗೂ ಬಂದೂಕು ಕೆಳಗಿಡಲಿಲ್ಲ.