ಮೈಕ್ ಹಿಡಿದ ಸೈನಿಕ ಬಂದೂಕನ್ನೂ ಹಿಡಿಯುತ್ತಾನಾ?

ಸಕಲೇಶಪುರದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: 'ಮಗ ಅಗ್ನಿವೀರ್ ಭರ್ತಿಗೆ ತಯಾರಾಗ್ತಿದ್ದಾನೆ. ಹೊತ್ತು ಮೂಡಿದರೆ ಮೊಬೈಲಲ್ಲಿ ಸೈನ್ಯದ ವಿಡಿಯೋ. ಅಮೆರಿಕದಲ್ಲಿ ಸೈಆಪ್ಸ್ ಅಂತ ಒಂದು ಪಡೆ ಇದೆಯಂತೆ, ಶತ್ರುವಿನ ಮನಸ್ಸನ್ನೇ ತಿರುಗಿಸಿಬಿಡ್ತಾರಂತೆ, ಗುಂಡೇ ಬೇಡವಂತೆ. ಪಕ್ಕದ ಮನೆಯ ನಿವೃತ್ತ ಹವಾಲ್ದಾರರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಇಬ್ಬರಲ್ಲಿ ಯಾರು ಸರಿ? ಇವರು ಕಾಲ್ದಳದ ಜೊತೆ, ಕಮಾಂಡೋಗಳ ಜೊತೆ ನಿಜಕ್ಕೂ ಹೋಗ್ತಾರಾ, ಇಲ್ಲ ಎಸಿ ರೂಮಲ್ಲಿ ಕೂತಿರ್ತಾರಾ? ನಮ್ಮವರು ಇಂಥದ್ದು ಮಾಡಿದ್ದಾರಾ? ಸುಳ್ಳು ಹೇಳೋದೇ ಕೆಲಸ ಆದರೆ ಅದಕ್ಕೊಂದು ಕಾನೂನು ಇಲ್ವಾ?'

ಹವಾಲ್ದಾರರ ನಗುವಿನಲ್ಲಿ ಮುಕ್ಕಾಲು ಪಾಲು ನ್ಯಾಯ ಇದೆ. ಬರೀ ಮಾತಿಗೆ ಯಾವ ಸೈನಿಕನೂ ಬಂದೂಕು ಕೆಳಗಿಡುವುದಿಲ್ಲ. ಮಾತಿನ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡಿ ಇಡುತ್ತಾನೆ. ನಿಮ್ಮ ಮಗ ನೋಡಿದ ವಿಡಿಯೋಗಳಲ್ಲಿ ಈ ಹಿಂದೆ ನಿಂತವರೇ ಕಾಣುವುದಿಲ್ಲ.

ಮೊದಲು ಎಸಿ ರೂಮಿನ ವಿಷಯ. ಕರಪತ್ರ ಬರೆಯುವ, ಚಿತ್ರ ಮಾಡುವ, ರೇಡಿಯೋ ಕಾರ್ಯಕ್ರಮ ತಯಾರಿಸುವ ಕೆಲಸ ಒಳಗೆ ಕೂತೇ ಆಗುತ್ತದೆ, ಅದು ನಿಜ. ಆದರೆ ಅಮೆರಿಕದ ಸೈನ್ಯದಲ್ಲಿ ಇವರ ಅತಿ ಚಿಕ್ಕ ತಂಡ ಎಂದರೆ ಸಾಮಾನ್ಯವಾಗಿ 3 ಜನ. ಒಬ್ಬ ಸಾರ್ಜೆಂಟ್ ಮುಖ್ಯಸ್ಥ, ಒಬ್ಬ ಸಹಾಯಕ, ಗಾಡಿ ಮತ್ತು ಗನ್ ನೋಡಿಕೊಳ್ಳಲು ಇನ್ನೊಬ್ಬ. ಜೊತೆಗೆ ಆ ಊರಿನ ಭಾಷೆಯ ದುಭಾಷಿ. ಗಾಡಿಯ ಮೇಲೆ ದೊಡ್ಡ ಸ್ಪೀಕರ್, ಗಾಡಿ ಹೋಗದ ಕಡೆಗೆ ಬೆನ್ನಿಗೆ ಹೊರುವ ಸ್ಪೀಕರ್. ಬಂದೂಕು, ಹೆಲ್ಮೆಟ್ಟು ಎಲ್ಲ ಕಾಲ್ದಳದವರ ಹಾಗೇ. ಗುಂಡು ಬಂದರೆ ಅವರೂ ವಾಪಸ್ ಹೊಡೆಯುತ್ತಾರೆ.

ಇವರನ್ನು ಕಾಲ್ದಳದ ಬೆಟಾಲಿಯನ್‌ಗೋ ಕಂಪನಿಗೋ ಜೋಡಿಸುತ್ತಾರೆ. ಅಲ್ಲಿ ಇವರದೇ ರಾಜ್ಯ ಅಲ್ಲ. ನಿರ್ಧಾರ ಕಾಲ್ದಳದ ಅಧಿಕಾರಿಯದು. ಒಂದು ಹಳ್ಳಿಯನ್ನು ಸುತ್ತುವರಿದು ಹುಡುಕಬೇಕು ಎಂದುಕೊಳ್ಳಿ. 'ಮನೆಯಿಂದ ಆಚೆ ಬರಬೇಡಿ, ಮಕ್ಕಳನ್ನು ಒಳಗಿಡಿ' ಎಂದು ಊರಿನ ಭಾಷೆಯಲ್ಲಿ ಕೂಗಿ ಹೇಳುವುದು ಇವರು. ಜನ ರಸ್ತೆಯಲ್ಲಿ ಇಲ್ಲದಿದ್ದರೆ ಕಾಲ್ದಳಕ್ಕೂ ಗುರಿ ಸ್ಪಷ್ಟ, ಸಾಯಬಾರದವರೂ ಸಾಯುವುದಿಲ್ಲ. ಎಲ್ಲ ಮುಗಿದ ಮೇಲೆ ಸಂತೆಯಲ್ಲಿ ಓಡಾಡಿ, ಯಾವ ಗಾಳಿಸುದ್ದಿ ಹಬ್ಬಿದೆ, ಊರಲ್ಲಿ ಯಾರ ಮಾತು ನಡೆಯುತ್ತದೆ, ಮೇಷ್ಟರದ್ದಾ, ಮೌಲ್ವಿಯದ್ದಾ, ಅಂಗಡಿಯವನದ್ದಾ ಎಂದು ತಿಳಿದುಕೊಂಡು ಬರುವುದೂ ಇವರೇ. ನನ್ನ ಪ್ರಕಾರ ಮೈಕಿಗಿಂತ ಈ ಕಿವಿಯ ಕೆಲಸವೇ ದೊಡ್ಡದು. ಆದರೆ ವಿಡಿಯೋದಲ್ಲಿ ಅದನ್ನು ತೋರಿಸಿದರೆ ಯಾರು ನೋಡುತ್ತಾರೆ, ಅಲ್ವಾ? ಇನ್ನೊಂದು ತೊಡಕೂ ಇದೆ. ಇವರು ಬಾಯಿಗೆ ಬಂದದ್ದನ್ನು ಕೂಗುವಂತಿಲ್ಲ. ಸಂದೇಶಕ್ಕೆ ಮೇಲಿನಿಂದ ಒಪ್ಪಿಗೆ ಬೇಕು. ಒಪ್ಪಿಗೆ ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ ಎಂಬುದು ಆ ಪಡೆಯವರ ಹಳೇ ಗೋಳು.

ಕಮಾಂಡೋಗಳ ಜೊತೆಗಿನ ನಂಟು ಇನ್ನೂ ಗಟ್ಟಿ. ಅಲ್ಲಿ ಸೈಆಪ್ಸ್‌ನ 4 ಮತ್ತು 8ನೇ ಗ್ರೂಪುಗಳು ನಾರ್ತ್ ಕೆರೋಲಿನಾದ ಫೋರ್ಟ್ ಬ್ರಾಗ್‌ನಲ್ಲಿ, ಸ್ಪೆಷಲ್ ಫೋರ್ಸಸ್‌ನ ಮನೆಯಲ್ಲೇ ಇವೆ. ಮೀಸಲು ಪಡೆಯ 2 ಮತ್ತು 7ನೇ ಗ್ರೂಪಿನವರು ಹೆಚ್ಚಾಗಿ ಮಾಮೂಲಿ ಸೈನ್ಯದ ಜೊತೆ ಹೋಗುತ್ತಾರೆ. ಸ್ಪೆಷಲ್ ಫೋರ್ಸಸ್‌ನ 12 ಜನರ ತಂಡ ಒಂದೇ ಸೀಮೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅಫ್ಘಾನಿಸ್ತಾನದಲ್ಲಿ ಪೆಟ್ಟಿಗೆಯೊಳಗೆ ಹಿಡಿಯುವಷ್ಟು ಚಿಕ್ಕ ರೇಡಿಯೋ ಸ್ಟೇಷನ್ ಇಟ್ಟುಕೊಂಡು, ಕೈಯಲ್ಲಿ ತಿರುಗಿಸುವ ರೇಡಿಯೋಗಳನ್ನು ಹಳ್ಳಿಗೆ ಹಂಚಿ, ಅಲ್ಲಿಯವರ ಬಾಯಲ್ಲೇ ಸುದ್ದಿ ಹೇಳಿಸುತ್ತಿದ್ದರು.

ಮಾತು, ಕಾಲ್ದಳ, ಕಮಾಂಡೋ ಮೂರೂ ಸೇರಿದರೆ ಏನಾಗುತ್ತದೆ ಎಂದು ನೋಡಲು 1989ರ ಡಿಸೆಂಬರ್‌ನ ಪನಾಮಾಗೆ ಹೋಗಬೇಕು. ಅಮೆರಿಕ ಅಲ್ಲಿನ ಸರ್ವಾಧಿಕಾರಿ ನೊರಿಯೇಗಾನನ್ನು ಹಿಡಿಯಲು ನುಗ್ಗಿತ್ತು. ಅವನು ತಂಗಿದ್ದ ಕಟ್ಟಡದ ಮುಂದೆ ರಾಕ್ ಸಂಗೀತ ಹಾಕಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅದಕ್ಕಿಂತ ರುಚಿಯಾದದ್ದು ಹೊರ ಜಿಲ್ಲೆಗಳಲ್ಲಿ ನಡೆಯಿತು. ರಾಜಧಾನಿ ಬಿದ್ದಿತ್ತು, ದೂರದ ಸೈನಿಕ ಠಾಣೆಗಳು ಹಾಗೇ ಇದ್ದವು. ಸ್ಪ್ಯಾನಿಷ್ ಬಲ್ಲ ಸ್ಪೆಷಲ್ ಫೋರ್ಸಸ್‌ನವರು ಠಾಣೆಯ ಅಧಿಕಾರಿಗೆ ಫೋನ್ ಮಾಡಿದರು. ಸುಮ್ನೆ ಊರಿನ ಟೆಲಿಫೋನ್. ಬಂದೂಕುಗಳನ್ನೆಲ್ಲ ಒಂದು ಕಡೆ ಹಾಕಿ ಶರಣಾಗಿ, ಇಲ್ಲದಿದ್ದರೆ ದಾಳಿ ಖಂಡಿತ ಎಂದರು. ಅದೇ ಹೊತ್ತಿಗೆ ಮೇಲೆ ಎಸಿ-130 ಗನ್‌ಶಿಪ್, ಅಂದರೆ ತೋಪು ಹೊತ್ತ ವಿಮಾನ, ಗಿರಕಿ ಹೊಡೆಯುತ್ತಿತ್ತು. ಕೊಟ್ಟ ಠಾಣೆಯನ್ನು ವಹಿಸಿಕೊಳ್ಳಲು, ಕೊಡದಿದ್ದರೆ ನುಗ್ಗಲು ಕಾಲ್ದಳ ತಯಾರಿತ್ತು. ಹೀಗೆ 14 ಠಾಣೆಗಳು, ಸುಮಾರು 2,000 ಜನ ಕೈಗೆ ಬಂದರು. ಆ ವಿಮಾನವನ್ನು ತೆಗೆದುಬಿಟ್ಟರೆ ಆ ಫೋನು ರಾಂಗ್ ನಂಬರ್ ಆಗುತ್ತಿತ್ತು.

1991ರ ಕೊಲ್ಲಿ ಯುದ್ಧದಲ್ಲೂ ಇದೇ ಲೆಕ್ಕ. ಇರಾಕಿ ಸೈನಿಕರ ಮೇಲೆ ಸುಮಾರು 2.9 ಕೋಟಿ ಕರಪತ್ರ ಉದುರಿಸಿದರು. 'ನಾಳೆ ಇಲ್ಲಿ ಬಿ-52 ವಿಮಾನ ಬಾಂಬ್ ಹಾಕುತ್ತದೆ, ಟ್ಯಾಂಕ್ ಬಿಟ್ಟು ದೂರ ಹೋಗಿ' ಎಂದು ಒಂದು ಪಡೆಗೆ ಬರೆದರು. ನಾಳೆ ಬಿ-52 ಬಂತು, ಬಾಂಬ್ ಬಿತ್ತು. ಆಮೇಲೆ ಬೀಳುವ ಕಾಗದವನ್ನು ಯಾರು ತಾನೇ ಕಸ ಅಂದುಕೊಳ್ಳುತ್ತಾರೆ? ನಮ್ಮ ಕಡೆ ಆನೆ ಬಂದಿದೆ ಎಂದು ಮೈಕಿನಲ್ಲಿ ಕೂಗಿದರೆ ತೋಟದ ಆಳುಗಳು ಕೆಲಸ ಬಿಟ್ಟು ಏಳುವುದೂ ಹಿಂದೆ ಆನೆ ನಿಜಕ್ಕೂ ಬಂದದ್ದರಿಂದಲೇ. ಕರಪತ್ರದ ಚಿತ್ರದಲ್ಲೂ ಕುಸುರಿ ಇತ್ತು. ಶರಣಾದವರಿಗೆ ಊಟ ಬಡಿಸುವ ಚಿತ್ರದಲ್ಲಿ ಹಣ್ಣಿನ ತಟ್ಟೆಗೆ ಬಾಳೆಹಣ್ಣು ಸೇರಿಸಿದರು, ಇರಾಕಿಗಳಿಗೆ ಅದು ವಿಶೇಷದ ಹಣ್ಣು ಅಂತ. ಕೆಂಪು ಬಣ್ಣ ಅವರಿಗೆ ಅಪಾಯದ ಗುರುತು ಅಂತ ಅದನ್ನು ಬಿಟ್ಟರು. ಆ ಯುದ್ಧದಲ್ಲಿ ಸೆರೆ ಸಿಕ್ಕ ಇರಾಕಿ ಸೈನಿಕರು ಸುಮಾರು 87,000. ಎಷ್ಟೋ ಜನರ ಜೇಬಿನಲ್ಲಿ, ಕೈಯಲ್ಲಿ ಈ ಚೀಟಿ ಇತ್ತು. ಚೀಟಿಯಿಂದಲೇ ಶರಣಾದರು ಎಂದು ಹೇಳುವುದು ಜಾಸ್ತಿಯಾಯಿತು. ವಾರಗಟ್ಟಲೆ ಬಾಂಬು, ಹಸಿವು ಎರಡೂ ಇದ್ದವು. ಹೇಗೆ ಶರಣಾಗುವುದು ಎಂಬ ದಾರಿಯನ್ನು ಚೀಟಿ ತೋರಿಸಿತು.

ಎಡವಿದ್ದೂ ಇದೆ, ಅಫ್ಘಾನಿಸ್ತಾನದಲ್ಲಿ. ತಾಲಿಬಾನಿಗಳ ಶವ ಸುಟ್ಟು, ಅದನ್ನೇ ಮೈಕಿನಲ್ಲಿ ಹೇಳಿ ಹಳ್ಳಿಯನ್ನು ಕೆಣಕಿದ್ದು 2005ರಲ್ಲಿ ಟಿವಿಯಲ್ಲಿ ಬಂತು. ಶವ ಸುಡುವುದು ಇಸ್ಲಾಮಿನಲ್ಲಿ ನಿಷಿದ್ಧ. 2017ರಲ್ಲಿ ಕರಪತ್ರವೊಂದರಲ್ಲಿ ನಾಯಿಯ ಮೈಮೇಲೆ ತಾಲಿಬಾನ್ ಬಾವುಟ ಬರೆದರು. ಆ ಬಾವುಟದಲ್ಲಿ ಇಸ್ಲಾಮಿನ ಕಲಿಮಾ, ಅಂದರೆ ನಂಬಿಕೆಯ ಪವಿತ್ರ ವಾಕ್ಯ, ಇರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಅಮೆರಿಕದ ಜನರಲ್ ಒಬ್ಬರು ಕ್ಷಮೆ ಕೇಳಬೇಕಾಯಿತು. ಆದರೆ ಆ ಹಳ್ಳಿಗಳಲ್ಲಿ ಮರುದಿನ ಗಸ್ತು ಹೋಗಬೇಕಾದವರು ಕಾಲ್ದಳದ ಹುಡುಗರು.

ಈಗ ನಮ್ಮವರ ವಿಷಯ. 1971ರ ಡಿಸೆಂಬರ್ 9ರಂದು, ಇಂದಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ, ನಮ್ಮ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಅವರು ಪಾಕಿಸ್ತಾನದ 31 ಬಲೂಚ್ ಪಡೆಯ ಕರ್ನಲ್ ಸುಲ್ತಾನ್ ಅಹ್ಮದ್‌ಗೆ ಪತ್ರ ಕಳಿಸಿದರು. ನೀವು ಸುತ್ತುವರಿದಿದ್ದೀರಿ, ಶರಣಾಗಿ ಎಂದು. ಬಾಂಗ್ಲಾ ಹೋರಾಟಗಾರರ ಪಡೆಯಾದ ಮುಕ್ತಿಬಾಹಿನಿಯ ಒಬ್ಬಾತ ಅದನ್ನು ತಲುಪಿಸಿದ. ಉತ್ತರ ಬಂತು, ಕಾಗದದಲ್ಲಿ ಒಂದು ಗುಂಡು ಸುತ್ತಿ. ಮುಂದಿನ ಸಲ ಪೆನ್ನು ಬಿಟ್ಟು ಸ್ಟೆನ್ ಗನ್ ಹಿಡಿದು ಬನ್ನಿ ಎಂಬ ಧಾಟಿಯಲ್ಲಿತ್ತು. ಮರುರಾತ್ರಿ ಆ ಪಡೆ ಜಮಾಲ್‌ಪುರದಿಂದ ತಪ್ಪಿಸಿಕೊಂಡು ಹೋಗಲು ನೋಡಿತು. ದಾರಿಗೆ ಅಡ್ಡ ಕೂತಿದ್ದವರು 1 ಮರಾಠಾ ಲೈಟ್ ಇನ್‌ಫೆಂಟ್ರಿ, ನಮ್ಮ ಬೆಳಗಾವಿಯ ರೆಜಿಮೆಂಟಿನವರು. 11ರ ಬೆಳಗ್ಗೆ ಜಮಾಲ್‌ಪುರ ನಮ್ಮದಾಗಿತ್ತು.

ಅದೇ 11ರಂದು ಟಂಗಾಯಿಲ್‌ನಲ್ಲಿ 2 ಪ್ಯಾರಾ ಬೆಟಾಲಿಯನ್ ಆಕಾಶದಿಂದ ಇಳಿಯಿತು. ಇಳಿದವರು ಒಂದು ಬೆಟಾಲಿಯನ್, ಪತ್ರಿಕೆಗಳಲ್ಲಿ ಹಬ್ಬಿದ್ದು ಹಲವು ಬೆಟಾಲಿಯನ್‌ಗಳ ಇಡೀ ಬ್ರಿಗೇಡ್ ಎಂದು. ಢಾಕಾದಲ್ಲಿದ್ದ ಪಾಕಿಸ್ತಾನಿಗಳ ಎದೆ ಹೊಡೆದುಕೊಳ್ಳದೆ ಇರುತ್ತದಾ? 14ಕ್ಕೆ ನಮ್ಮ ಮಿಗ್ ವಿಮಾನಗಳು ಢಾಕಾದ ಗವರ್ನರ್ ಭವನಕ್ಕೆ ಹೊಡೆದವು, ಗವರ್ನರ್ ರಾಜೀನಾಮೆ ಬರೆದರು. ಈ ಮಧ್ಯೆ ಜನರಲ್ ಮಾಣೆಕ್‌ಷಾ ಅವರ ಸಂದೇಶ ರೇಡಿಯೋದಲ್ಲೂ ಕರಪತ್ರದಲ್ಲೂ ಹೋಗುತ್ತಲೇ ಇತ್ತು: ಶರಣಾದರೆ ಜಿನೀವಾ ಒಪ್ಪಂದದಂತೆ ನೋಡಿಕೊಳ್ಳುತ್ತೇವೆ. 16ಕ್ಕೆ ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು. ಜಮಾಲ್‌ಪುರದಲ್ಲಿ ಗುಂಡು ವಾಪಸ್ ತಂದದ್ದೂ ಇದೇ ಮಾತು. ವಾರದಲ್ಲಿ ಬದಲಾದದ್ದು ಮಾತಲ್ಲ, ಸುತ್ತ ನಿಂತ ಸೈನ್ಯ.

ಆ ಭರವಸೆ ಕೊಟ್ಟದ್ದು ಯಾರು ಎಂಬುದೂ ಮುಖ್ಯ. 2025ರ ಜನವರಿ 8ರಂದು ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಚಿಕ್ಕಮಗಳೂರಿನಲ್ಲೇ ಆಗುತ್ತದೆ ಎಂದು ನಾವೆಲ್ಲ ಕಾದಿದ್ದೆವು, ನೆನಪಿರಬಹುದು. ಅದು ಸೈಆಪ್ಸ್ ಅಲ್ಲ. ಆದರೆ ಒಂದು ಕಡೆ ಕಾಡಿನಲ್ಲಿ ಪೊಲೀಸರ ಕೂಂಬಿಂಗ್, ಇನ್ನೊಂದು ಕಡೆ 'ಶಾಂತಿಗಾಗಿ ನಾಗರಿಕ ವೇದಿಕೆ'ಯವರ ಮಾತುಕತೆ. ಪೊಲೀಸರ ಮೈಕನ್ನು ನಂಬದವರು ತಮಗೆ ಗೊತ್ತಿರುವವರ ಮಾತನ್ನು ನಂಬಿದರು. ಸೈನ್ಯದವರು ಊರಿನ ಹಿರಿಯರನ್ನು ಹುಡುಕಿಕೊಂಡು ಹೋಗುವುದೂ ಇದಕ್ಕೇ.

ಕೊನೆಯದು ಕಾನೂನು. ಯುದ್ಧದಲ್ಲಿ ಶತ್ರುವನ್ನು ಯಾಮಾರಿಸುವುದು ತಪ್ಪಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸುಮಾರು 1,100 ಜನರ ಒಂದು ಪಡೆ ರಬ್ಬರಿನ ಊದಿದ ಟ್ಯಾಂಕ್ ನಿಲ್ಲಿಸಿ, ಸ್ಪೀಕರ್‌ನಲ್ಲಿ ಟ್ಯಾಂಕಿನ ಸದ್ದು ಹಾಕಿ ಜರ್ಮನರನ್ನು ಏಮಾರಿಸಿತು. ಅವರಿಗೆ 2024ರಲ್ಲಿ ಅಮೆರಿಕದ ಸಂಸತ್ತು ಚಿನ್ನದ ಪದಕವನ್ನೇ ಕೊಟ್ಟಿತು. ಟಂಗಾಯಿಲ್‌ನ ಸುದ್ದಿಯೂ ಈ ಲೆಕ್ಕಕ್ಕೇ ಬರುತ್ತದೆ. ಆದರೆ ಶರಣಾಗುವ ನಾಟಕವಾಡಿ, ಬಿಳಿ ಬಾವುಟ ಹಿಡಿದು ಹತ್ತಿರ ಹೋಗಿ ಕೊಲ್ಲುವುದು ಅಪರಾಧ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲಿನ 37ನೇ ವಿಧಿ ಇದನ್ನು ಹೇಳುತ್ತದೆ. ಭಾರತವಾಗಲಿ ಅಮೆರಿಕವಾಗಲಿ ಆ ಪ್ರೋಟೋಕಾಲನ್ನು ಅನುಮೋದಿಸಿಲ್ಲ. ಆದರೂ ಈ ನಿಷೇಧ ರೂಢಿಯ ಕಾನೂನಾಗಿ ಎರಡು ದೇಶಗಳಿಗೂ ಅನ್ವಯಿಸುತ್ತದೆ. ಚೀಟಿ ಹಿಡಿದು ಕೈ ಮೇಲೆತ್ತಿ ಬಂದವನಿಗೆ ಗುಂಡು ಹೊಡೆಯುವುದೂ ಯುದ್ಧಾಪರಾಧವೇ.

— ಸಂಪಾದಕ